ಕಾಲ ಕೆಳಗ ನಮ್ಮ ಪರಸಿ, ಗೋಡಿ ಮ್ಯಾಲ ಯಾರದೋ ಕುದುರಿ

ಫೋನಿನಿಂದ ಒಂದು ಕ್ಷಣ ಕಣ್ಣೆತ್ತಿ ನಿಮ್ಮ ಪಡಸಾಲೆಯ ಗೋಡೆ ನೋಡಿ. ಅಲ್ಲಿ ಯಾವ ಚಿತ್ರ ಇದೆ? ಅದನ್ನು ಬಿಡಿಸಿದವರು ಯಾರು? ಅಲ್ಲಿಗೆ ತಂದವರು ಯಾರು, ಯಾಕೆ ತಂದರು?

ಹಳೆ ಮನೆಯಾಗಿದ್ದರೆ ಉತ್ತರ ಸಲೀಸು. ಶರಣಬಸವೇಶ್ವರರ ಫೋಟೋ ಅಜ್ಜ ಕಲಬುರಗಿ ಜಾತ್ರೆಯಿಂದ ತಂದದ್ದು. ಬಾಬಾಸಾಹೇಬರದು ಅಪ್ಪ ಏಪ್ರಿಲ್ 14ರ ಜಯಂತಿಗೆ ಕಟ್ಟು ಹಾಕಿಸಿದ್ದು. ಮಾತಾ ಮಾಣಿಕೇಶ್ವರಿ ಅಮ್ಮನವರದು ಯಾನಾಗುಂದಿಗೆ ಹೋದಾಗ ತಂದದ್ದು. ಬಂದೇ ನವಾಜ್ ದರ್ಗಾದ ಚಿತ್ರ ಉರುಸಿನಲ್ಲಿ ಕೊಂಡದ್ದು. ತಾಂಡಾದ ಮನೆಯಲ್ಲಿ ಸೇವಾಲಾಲ ಮಹಾರಾಜರು. ಪಕ್ಕದಲ್ಲಿ ತೀರಿಹೋದ ಆಯಿಯ ಕಪ್ಪು ಬಿಳುಪು ಫೋಟೋ, ಮೇಲೊಂದು ಗಂಧದ ಹಾರ. ಒಂದೊಂದು ಮೊಳೆಗೂ ಒಂದೊಂದು ಕಾರಣ ಇತ್ತು. ಮನೆಯ ಸಣ್ಣ ಮಕ್ಕಳು ಸಹ ಆ ಕಾರಣ ಹೇಳುತ್ತಿದ್ದರು.

ಈಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆ ಹೊಸದಾಗಿ ಕಟ್ಟಿದ ಮನೆಗಳ ವಾಸ್ತುಶಾಂತಿಗೆ ಹೋಗಿ ನೋಡಿ. ಸುದ್ದಿಗೆಂದು, ಬಳಗದವರ ಕರೆಗೆಂದು ನಾನು ಇಂಥ ಮನೆಗಳಿಗೆ ಹೋಗುತ್ತಲೇ ಇರುತ್ತೇನೆ. ಮನೆ ಬೇರೆ, ಜಾತಿ ಬೇರೆ, ಪಕ್ಷ ಬೇರೆ, ಗೋಡೆ ಮಾತ್ರ ಒಂದೇ. ಸೋಫಾದ ಮೇಲೆ ಓಡುವ ಏಳು ಬಿಳಿ ಕುದುರೆ. ಟಿವಿಯ ಹಿಂದೆ ಇಟ್ಟಿಗೆಯಂತೆ ಕಾಣುವ ಅಂಟಿನ ಹಾಳೆ. ಬಾಗಿಲ ಬಳಿ ನಗುವ ಹೊಟ್ಟೆ ಬುದ್ಧ. ಮೆಟ್ಟಿಲ ಹತ್ತಿರ ಯಾವುದೋ ದೇಶದ ಜಲಪಾತ. ಶರಣಬಸಪ್ಪ, ಬಾಬಾಸಾಹೇಬ, ಆಯಿ ಎಲ್ಲರೂ ಒಳಕೋಣೆಗೆ ಹೋಗಿದ್ದಾರೆ. ಕೆಲವರು ಅಟ್ಟಕ್ಕೇ ಹೋಗಿದ್ದಾರೆ.

ಯಾಕ್ರಿ ಹಿಂಗ ಎಂದು ಕೇಳಿದರೆ ಬರುವ ಉತ್ತರ ಎರಡೇ. ಒಂದು, "ವಾಸ್ತುದವರು ಹೇಳ್ಯಾರ್ರಿ." ಇನ್ನೊಂದು, "ಸೋಫಾದ ಬಣ್ಣಕ್ಕ ಮ್ಯಾಚ್ ಆಗ್ತದ್ರಿ."

ಈ ಎರಡೂ ಉತ್ತರಗಳ ಮೇಲೆ ನನ್ನ ತಕರಾರಿದೆ. ಜೀವನವಿಡೀ ದುಡಿದು, ಸಾಲ ಮಾಡಿ, ತೊಗರಿ ಮಾರಿ, ಬೊಂಬಾಯಿ ಹೈದರಾಬಾದಿಗೆ ದುಡಿಯಲು ಹೋಗಿ ಕಟ್ಟಿದ ಮನೆ ನಿಮ್ಮದು. ಅದರ ಗೋಡೆ ಏನು ಹೇಳಬೇಕು ಎಂಬುದನ್ನು ಪೀಠೋಪಕರಣದ ಅಂಗಡಿಯವನು ಯಾಕೆ ತೀರ್ಮಾನಿಸಬೇಕು?

ಏಳು ಕುದುರೆಯ ಲೆಕ್ಕ

ಮೊದಲು ಕುದುರೆಯ ಲೆಕ್ಕ ಚುಕ್ತಾ ಮಾಡೋಣ. ನಿಮ್ಮ ನಂಬಿಕೆಯನ್ನು ನಾನು ಹೀಯಾಳಿಸುವುದಿಲ್ಲ. ದೇವರ ಫೋಟೋ ಎಲ್ಲಿಡಬೇಕು, ಯಾವ ದಿಕ್ಕಿಗಿಡಬೇಕು ಎಂಬುದು ನಿಮ್ಮ ಮನೆತನದ ವಿಚಾರ. ಆದರೆ ಕುದುರೆ ದೇವರಲ್ಲ.

ಸೂರ್ಯನ ರಥಕ್ಕೆ ಏಳು ಕುದುರೆ ಎಂಬ ಮಾತು ನಮ್ಮ ಪುರಾಣದಲ್ಲಿದೆ, ಖರೆ. ಈ ಚಿತ್ರದಲ್ಲಿ ರಥ ಇಲ್ಲ, ಸಾರಥಿ ಅರುಣ ಇಲ್ಲ. ಸಮುದ್ರದ ದಂಡೆಯಲ್ಲಿ ಕುದುರೆಗಳು ಮಾತ್ರ ಓಡುತ್ತವೆ. ಭೀಮಾ, ಕಾಗಿಣಾ, ಮುಲ್ಲಾಮಾರಿ ದಂಡೆಯ ನಮಗೂ ಆ ಸಮುದ್ರಕ್ಕೂ ಏನು ಸಂಬಂಧ? ಕುದುರೆಯ ಮುಖ ಒಳಗಿದ್ದರೆ ಲಕ್ಷ್ಮಿ ಬರುತ್ತಾಳೆ, ಹೊರಗಿದ್ದರೆ ಹೋಗುತ್ತಾಳೆ ಎನ್ನುತ್ತಾರೆ. ಹಾಗಾದರೆ ಮುಖ ಹೊರಗಿರುವ ಕುದುರೆಯನ್ನು ಅಂಗಡಿಯವನು ಮಾರುವುದಾದರೂ ಯಾಕೆ? ಅದನ್ನು ಕೊಂಡವನು ಹೆದರಿ ಎರಡನೆಯದನ್ನು ಕೊಳ್ಳಲಿ ಎಂದೇ?

ಶಾಸ್ತ್ರ ಬೇಕೆಂದರೆ ಶಾಸ್ತ್ರವನ್ನೇ ನೋಡೋಣ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಸೂತ್ರ ಎಂಬ ಭಾಗವಿದೆ. ಮನೆಯಲ್ಲಿ ಎಂಥ ಚಿತ್ರ ಇರಬೇಕು ಎಂದು ಅದು ನೇರವಾಗಿ ಹೇಳುತ್ತದೆ. ಶೃಂಗಾರ, ಹಾಸ್ಯ, ಶಾಂತ ರಸದ ಚಿತ್ರಗಳು ಮನೆಗೆ ಒಪ್ಪುತ್ತವೆ. ಯುದ್ಧ, ಸ್ಮಶಾನ, ಸಾವು, ಸಂಕಟದ ಚಿತ್ರಗಳು ಮನೆಗೆ ಬೇಡ, ಅವು ಅರಮನೆಯ ಸಭೆಗೆ, ಗುಡಿಗೆ ಇರಲಿ. ಇದರ ಅರ್ಥ ತಿಳಿಯಲು ಪಂಡಿತರು ಬೇಕಿಲ್ಲ. ದಿನಾ ಉಣ್ಣುವ, ಮಲಗುವ, ಮಕ್ಕಳು ಆಡುವ ಜಾಗದಲ್ಲಿ ಮನಸ್ಸಿಗೆ ಹಿತವಾದದ್ದು ಇರಲಿ ಎಂದು. ಅಲ್ಲಿ ಮಾತು ನೋಡುವವರ ಮನಸ್ಸಿನದು.

ಇನ್ನೊಂದು ಪುಸ್ತಕ ನಮ್ಮ ನೆರೆಯದೇ. 12ನೇ ಶತಮಾನದಲ್ಲಿ ಕಲ್ಯಾಣದಿಂದ, ಅಂದರೆ ಈಗಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಮಾನಸೋಲ್ಲಾಸ ಬರೆಸಿದ. ಚಿತ್ರ ಬರೆಯುವ ಮೊದಲು ಗೋಡೆಯನ್ನು ಹೇಗೆ ನುಣುಪು ಮಾಡಬೇಕು, ಎಮ್ಮೆಯ ತೊಗಲು ಕುದಿಸಿ ಅಂಟು ಹೇಗೆ ಮಾಡಬೇಕು, ಬಣ್ಣ ಹೇಗೆ ಕಲಸಬೇಕು ಎಂದೆಲ್ಲ ಅದರಲ್ಲಿ ಇದೆ. ಗೋಡೆಯ ಮೇಲೆ ಚಿತ್ರ ಬರೆಯುವ ಕೆಲಸವನ್ನು ರಾಜನೊಬ್ಬ ಕೂತು ಬರೆಯುವಷ್ಟು ದೊಡ್ಡದೆಂದು ಎಣಿಸಿದ ಸೀಮೆ ಇದು. ಇಂದು ಅದೇ ಸೀಮೆಯ ನಾವು ಗೋಡೆಗೆ ಇಟ್ಟಿಗೆಯ ಫೋಟೋ ಅಂಟಿಸುತ್ತಿದ್ದೇವೆ. ಗೋಡೆಯೊಳಗೆ ಖರೆ ಇಟ್ಟಿಗೆ ಇದೆ, ಅದರ ಮೇಲೆ ಸಿಮೆಂಟ್, ಅದರ ಮೇಲೆ ಪುಟ್ಟಿ, ಅದರ ಮೇಲೆ ಮತ್ತೆ ಸುಳ್ಳು ಇಟ್ಟಿಗೆ. ಮೂರು ಸಲ ದುಡ್ಡು ಕೊಟ್ಟು ಮೊದಲಿದ್ದಲ್ಲಿಗೇ ಬಂದೆವು.

ಕ್ಯಾಲೆಂಡರಿಗೂ ಒಬ್ಬ ಕಲಾವಿದ ಇದ್ದ

ಇಲ್ಲಿ ಕೆಲವರು ಬೇರೆ ದಾರಿ ಹಿಡಿಯುತ್ತಾರೆ. "ನಮ್ಮ ಹಳ್ಳಿ ಮಂದಿಗೆ ಕಲೆ ಗೊತ್ತಿಲ್ಲ, ಬರೀ ಕ್ಯಾಲೆಂಡರ್ ದೇವರು" ಎಂದು ನಗುವ ಓದಿದವರು ಇದ್ದಾರೆ. ಅವರ ಜೊತೆಗೂ ನಾನಿಲ್ಲ.

ಆ ಕ್ಯಾಲೆಂಡರ್ ದೇವರು ಎಲ್ಲಿಂದ ಬಂದರು ಎಂದು ಅವರಿಗೆ ಗೊತ್ತೇ? ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿದ. ಗುಡಿಯ ಗರ್ಭಗುಡಿಗೆ ಪ್ರವೇಶವಿಲ್ಲದವರ ಮನೆಗೂ ಲಕ್ಷ್ಮಿ, ಸರಸ್ವತಿ ಕಾಗದದ ಮೇಲೆ ಬಂದರು. ಅದು ಸಣ್ಣ ಸಂಗತಿಯಲ್ಲ. ಆಗ ಅಚ್ಚು ಹಾಕುತ್ತಿದ್ದದ್ದು ಕಲ್ಲಿನ ಮೇಲೆ. ಅದಕ್ಕೇ ಕಲ್ಲಚ್ಚು ಎನ್ನುತ್ತಾರೆ. ಜರ್ಮನಿಯಲ್ಲಿ ಸಿಗುವ ನುಣುಪಾದ ಸುಣ್ಣದ ಕಲ್ಲು ಆ ಕೆಲಸಕ್ಕೆ ಹೆಸರುವಾಸಿ. ನಮ್ಮ ಶಹಾಬಾದ ಪರಸಿಯೂ ಸುಣ್ಣದ ಕಲ್ಲಿನ ಕುಲದ್ದೇ.

ರವಿವರ್ಮನ ನಂತರ ಆ ದಾರಿಯಲ್ಲಿ ದೊಡ್ಡ ಹೆಸರು ಮಾಡಿದವರಲ್ಲಿ ಒಬ್ಬರು ನಮ್ಮವರು. ಎಸ್.ಎಂ. ಪಂಡಿತರು 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದರು. ಮದ್ರಾಸಿನಲ್ಲಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು. ಮುಂಬಯಿಯಲ್ಲಿ ಸಿನಿಮಾ ಪೋಸ್ಟರ್ ಬರೆದರು, ಸಿನಿಮಾ ಪತ್ರಿಕೆಗೆ ಮುಖಪುಟ ಬರೆದರು, ಪುರಾಣದ ಚಿತ್ರಗಳನ್ನು ಬರೆದರು. ಅವರು ಬರೆದ ದೇವಾನುದೇವತೆಗಳು ಕ್ಯಾಲೆಂಡರುಗಳಲ್ಲಿ ಅಚ್ಚಾಗಿ ದೇಶದ ಮನೆಮನೆ ಸೇರಿದವು. 1993ರಲ್ಲಿ ತೀರಿಕೊಂಡರು. ಕಲಬುರಗಿಯಲ್ಲಿ ಅವರ ಹೆಸರಿನ ರಂಗಮಂದಿರವಿದೆ. ನಮ್ಮ ಊರುಗಳಿಂದ ಎಷ್ಟೋ ಜನ ಅಲ್ಲಿಗೆ ನಾಟಕಕ್ಕೆ, ಸಮಾರಂಭಕ್ಕೆ ಹೋಗಿ ಬರುತ್ತಾರೆ. ಆ ಪಂಡಿತ ಯಾರು ಎಂದು ಕೇಳಿದರೆ ಬಹಳ ಮಂದಿ ಸುಮ್ಮನಾಗುತ್ತಾರೆ.

ಅಂದರೆ ನಮ್ಮ ಅಜ್ಜಂದಿರ ಗೋಡೆಯ ಮೇಲಿದ್ದ ಕ್ಯಾಲೆಂಡರಿಗೂ ಒಬ್ಬ ಕಲಾವಿದ ಇದ್ದ. ಅವನು ಮೈ, ಬಟ್ಟೆಯ ನೆರಿಗೆ, ಬೆಳಕು ನೋಡಿ ನೋಡಿ ಬರೆದಿದ್ದ, ಮೂಲೆಯಲ್ಲಿ ಸಹಿ ಹಾಕಿದ್ದ. ಏಳು ಕುದುರೆಯ ಮೂಲೆಯಲ್ಲಿ ಯಾರ ಸಹಿ ಇದೆ, ಹೋಗಿ ನೋಡಿ. ನನ್ನ ತಕರಾರು ಅಗ್ಗದ ಚಿತ್ರದ ಮೇಲೆ ಅಲ್ಲ. ಹತ್ತು ರೂಪಾಯಿಯ ಚಿತ್ರವೂ ದೊಡ್ಡದಾಗಬಹುದು. ಯಾರೂ ಬರೆಯದ, ಯಾರೂ ಇಷ್ಟಪಟ್ಟು ಆರಿಸದ ಚಿತ್ರದ ಮೇಲೆ ನನ್ನ ತಕರಾರು.

ಕನಗನಹಳ್ಳಿಯ ಕಲ್ಲು

ಈಗ ಕೆಳಗೆ ನೋಡಿ. ನಿಮ್ಮ ಮನೆಯಲ್ಲಿ ಇನ್ನೂ ಪರಸಿ ಹಾಸು ಇದ್ದರೆ, ನೀವು ನಿಂತಿರುವ ಕಲ್ಲು ಎಂಥದೆಂದು ಕೇಳಿಸಿಕೊಳ್ಳಿ.

ಚಿತ್ತಾಪುರ ತಾಲ್ಲೂಕಿನ ಸನ್ನತಿ ನಿಮಗೆ ಗೊತ್ತು. ಭೀಮಾ ದಂಡೆಯ ಚಂದ್ರಲಾಂಬಾ ದೇವಿಯ ದರ್ಶನಕ್ಕೆ ಹೋಗಿರುತ್ತೀರಿ. 1986ರಲ್ಲಿ ಆ ಗುಡಿಯ ಆವರಣದಲ್ಲಿರುವ ಕಾಳಿ ಗುಡಿಯ ಚಾವಣಿ ಬಿದ್ದಿತು. ಮೂರ್ತಿಯ ಪೀಠವಾಗಿ ಇಟ್ಟಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಅಶೋಕನ ಶಾಸನ ಇತ್ತು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಹೊರಬಂತು. ಅದರ ಸುತ್ತ ಸುಮಾರು ಎರಡು ಸಾವಿರ ವರ್ಷ ಹಳೆಯ ಕೆತ್ತನೆಯ ಫಲಕಗಳು. ಒಂದು ಫಲಕದಲ್ಲಿ ರಾಜ, ರಾಣಿ, ಅವರ ಹಿಂದೆ ಮುಂದೆ ಕೊಡೆ ಚಾಮರ ಹಿಡಿದ ಸೇವಕಿಯರು. ಮೇಲೆ ಬ್ರಾಹ್ಮಿ ಅಕ್ಷರದಲ್ಲಿ "ರಾಯೊ ಅಸೋಕೊ", ಅಂದರೆ ರಾಜ ಅಶೋಕ. ನೋಟಿನ ಮೇಲೆ, ಸರ್ಕಾರಿ ಕಾಗದದ ಮೇಲೆ ಅವನ ಸಿಂಹಗಳನ್ನು ದಿನಾ ನೋಡುತ್ತೇವೆ. ಹೆಸರಿನ ಸಮೇತ ಅವನ ಮುಖ ಸಿಕ್ಕದ್ದು ನಮ್ಮ ಚಿತ್ತಾಪುರ ತಾಲ್ಲೂಕಿನಲ್ಲಿ.

ಆ ಫಲಕ ಯಾವ ಕಲ್ಲಿನದು? ಇಲ್ಲಿಯದೇ ಸುಣ್ಣದ ಕಲ್ಲು. ನೀವು ಅಂಗಳಕ್ಕೆ ಹಾಸಿದ, ಹೊಲಕ್ಕೆ ಬೇಲಿ ನಿಲ್ಲಿಸಿದ, ಬಚ್ಚಲಿಗೆ ಹಾಕಿದ ಕಲ್ಲಿನ ಬಳಗ.

ಇನ್ನೊಂದು ಮಾತು ಇದೆ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಆ ಸ್ತೂಪದ ಕಲ್ಲುಗಳ ಮೇಲೆ ದಾನ ಕೊಟ್ಟವರ ಹೆಸರುಗಳೂ ಇವೆ. ಅವರಲ್ಲಿ ಗೃಹಸ್ಥರು ಇದ್ದಾರೆ, ಭಿಕ್ಷುಗಳು, ಭಿಕ್ಷುಣಿಯರು ಇದ್ದಾರೆ. ರಾಜರು ಮಾತ್ರ ಚಿತ್ರ ಮಾಡಿಸುತ್ತಿದ್ದರು, ನಮ್ಮಂಥವರಿಗೆ ಯಾಕೆ ಎನ್ನುವವರು ಇದನ್ನು ಗಮನಿಸಬೇಕು. ಎರಡು ಸಾವಿರ ವರ್ಷದ ಹಿಂದೆ ಇದೇ ಭೀಮಾ ದಂಡೆಯ ಸಾಮಾನ್ಯ ಸಂಸಾರಸ್ಥರು ತಮ್ಮ ಗಂಟಿನಿಂದ ದುಡ್ಡು ಕೊಟ್ಟು ಶಿಲ್ಪಿಯ ಕೈಯಲ್ಲಿ ಕೆಲಸ ಮಾಡಿಸಿದರು, ಹೆಸರು ಬರೆಸಿದರು.

ಇಂದು ಅಶೋಕನ ಆ ಫಲಕದ ಒಂದು ಒಳ್ಳೆ ಫೋಟೋ ನಮ್ಮ ಎಷ್ಟು ಮನೆಗಳಲ್ಲಿದೆ? ಎಷ್ಟು ಶಾಲೆಗಳಲ್ಲಿ? ಎಷ್ಟು ಪಂಚಾಯಿತಿ ಕಚೇರಿಗಳಲ್ಲಿ? ನಾನು ತಿರುಗಾಡಿದ ಕಡೆ ಕುದುರೆ ಕಂಡಷ್ಟು ಅಶೋಕ ಕಂಡಿಲ್ಲ.

ಬುದ್ಧನ ವಿಚಾರದಲ್ಲಂತೂ ಇದು ಹೊಟ್ಟೆ ಉರಿಸುತ್ತದೆ. ಅಂಗಡಿಯಲ್ಲಿ ಬುದ್ಧನ ತಲೆ ಮಾತ್ರ ಸಿಗುತ್ತದೆ. ಕುತ್ತಿಗೆಯಿಂದ ಕೆಳಗೆ ಇಲ್ಲ. ಅದರ ಬಾಯಿಯಿಂದ ನೀರು ಬರುವಂತೆ, ತಲೆಯೊಳಗೆ ಬಣ್ಣದ ದೀಪ ಹೊತ್ತುವಂತೆ ಮಾಡಿರುತ್ತಾರೆ. ಮನೆಗೆ ಶಾಂತಿ ಬರುತ್ತದಂತೆ. ಯಾವುದೇ ಹಿರಿಯರ ತಲೆ ಕಡಿದು ಮೇಜಿನ ಮೇಲಿಟ್ಟರೆ ಶಾಂತಿ ಬರುತ್ತದೆಯೇ? ನಮ್ಮ ದಲಿತ ಕೇರಿಗಳ ಮನೆಗಳಲ್ಲಿ ಬುದ್ಧನನ್ನು ನೋಡಿ. ಪೂರ್ತಿ ಕೂತ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬ. ಆ ಫೋಟೋ ಯಾಕಿದೆ ಎಂದು ಮನೆಯ ಹುಡುಗಿ ಅರ್ಧ ಗಂಟೆ ಮಾತಾಡಬಲ್ಲಳು. ಮನೆಗೆ ಚಿತ್ರ ಆರಿಸುವುದು ಹೇಗೆಂದು ಕಲಿಯಬೇಕಾದರೆ ದೊಡ್ಡ ಬಂಗಲೆಗೆ ಹೋಗಬೇಡಿ, ಆ ಮನೆಗಳಿಗೆ ಹೋಗಿ. 2022ರ ಗಣರಾಜ್ಯೋತ್ಸವದ ದಿನ ರಾಯಚೂರಿನ ನ್ಯಾಯಾಲಯದಲ್ಲಿ ಬಾಬಾಸಾಹೇಬರ ಫೋಟೋ ವಿಚಾರವಾಗಿ ಆದದ್ದಕ್ಕೆ ರಾಜ್ಯದ ತುಂಬ ಜನ ಬೀದಿಗೆ ಬಂದರಲ್ಲ? ಒಂದು ಫೋಟೋ ಎಂದರೆ ಬರೀ ಗೋಡೆಯ ಅಲಂಕಾರ ಅಲ್ಲ ಎಂಬುದು ಆ ಜನಕ್ಕೆ ಗೊತ್ತಿತ್ತು.

ಕುಂಚ ಹಿಡಿದ ಹುಡುಗರು ಎಲ್ಲಿ ಹೋದರು

ಇದು ಬರೀ ರುಚಿಯ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಇದು ಕೂಳಿನ ಮಾತೂ ಹೌದು.

ಇಪ್ಪತ್ತು ವರ್ಷದ ಹಿಂದೆ ನಮ್ಮ ಒಂದೊಂದು ಊರಲ್ಲೂ ಒಬ್ಬಿಬ್ಬರು ಪೇಂಟರ್ ಇದ್ದರು. ಅಂಗಡಿಯ ಬೋರ್ಡ್ ಕನ್ನಡ, ಉರ್ದು, ಇಂಗ್ಲಿಷಿನಲ್ಲಿ ಕೈಯಿಂದ ಬರೆಯುತ್ತಿದ್ದರು. ಗೋಡೆಗೆ ಗೊಬ್ಬರದ, ಸಿಮೆಂಟಿನ ಜಾಹೀರಾತು, ಲಾರಿಯ ಹಿಂದೆ ನವಿಲು, ಊರ ನಾಟಕಕ್ಕೆ ಅರಮನೆ, ಕಾಡು, ಬೀದಿಯ ಪರದೆ, ಗಣಪತಿ ಹಬ್ಬಕ್ಕೆ ಮಂಟಪ, ಮದುವೆ ಮನೆಯ ಬಾಗಿಲಿಗೆ ಆನೆ, ಗಿಳಿ, ಎಲ್ಲ ಅವರ ಕೈಕೆಲಸ. ಆಮೇಲೆ ಫ್ಲೆಕ್ಸ್ ಬಂತು. ಕುಂಚ ಮೂಲೆ ಸೇರಿತು. 2016ರಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸೂ ಸೇರಿತ್ತು. ನಿಷೇಧ ಹೇಗೆ ನಡೆದಿದೆ ಎಂಬುದಕ್ಕೆ ನಿಮ್ಮೂರ ಸರ್ಕಲ್ಲೇ ಸಾಕ್ಷಿ. ನಾಯಕರ ಹುಟ್ಟುಹಬ್ಬಕ್ಕೆ ಕಟ್ಟುವ ಆ ಒಂದೊಂದು ಹಾಳೆಯಲ್ಲೂ ಒಬ್ಬ ಪೇಂಟರನ ಒಂದು ವಾರದ ಕೂಲಿ ಹೋಗಿದೆ.

ಇತ್ತ ಕಲಬುರಗಿಯಲ್ಲಿ ಚಿತ್ರಕಲಾ ಕಾಲೇಜುಗಳಿವೆ. ನಮ್ಮ ತಾಲ್ಲೂಕುಗಳಿಂದ ಹುಡುಗ ಹುಡುಗಿಯರು ಹೋಗಿ ಕಲಿತು ಬರುತ್ತಾರೆ. ಬಂದಮೇಲೆ? ಚಿತ್ರಕಲಾ ಶಿಕ್ಷಕರಿಲ್ಲದ ಶಾಲೆಗಳು ನಮ್ಮಲ್ಲಿವೆ, ನೇಮಕಾತಿಗೆ ಕಾದು ಕಾದು ವಯಸ್ಸು ದಾಟುತ್ತದೆ. ಮನೆಯಲ್ಲಿ ಬೈಗುಳ. ಕೊನೆಗೆ ಫ್ಲೆಕ್ಸ್ ಅಂಗಡಿಯಲ್ಲೇ ಕಂಪ್ಯೂಟರ್ ಮುಂದೆ ಕೂತು ನಾಯಕರ ಮುಖದ ಕಲೆ ಅಳಿಸುವ ಕೆಲಸ. ಮನುಷ್ಯನ ಮುಖ ನೋಡಿ ಬರೆಯಲು ಐದು ವರ್ಷ ಕಲಿತವನಿಗೆ ನಾವು ಕೊಟ್ಟ ಕೆಲಸ ಇದು.

ಅದೇ ಹುಡುಗನ ಸೋದರಮಾವ ಹೊಸ ಮನೆ ಕಟ್ಟಿಸುತ್ತಾನೆ. ಗೋಡೆಗೆ ಚಿತ್ರವನ್ನು ಫೋನಿನಲ್ಲಿ ಆರ್ಡರ್ ಮಾಡುತ್ತಾನೆ. ಅಳಿಯನಿಗೆ ಹೇಳುವ ಮಾತು, "ನೀ ಒಂದ್ ತೆಗದ್ ಕೊಡಪಾ, ಫ್ರೀ." ಬಡಿಗನಿಗೆ ಫ್ರೀ ಎನ್ನುವುದಿಲ್ಲ, ಗೌಂಡಿಗೆ ಎನ್ನುವುದಿಲ್ಲ, ಟೈಲ್ಸಿನವನಿಗೆ ಎನ್ನುವುದಿಲ್ಲ. ಚಿತ್ರ ಬರೆಯುವವನಿಗೆ ಮಾತ್ರ ಹೊಟ್ಟೆ ಇಲ್ಲ ಎಂದು ತಿಳಿದಿದ್ದಾನೆ.

ಚಿಂಚೋಳಿ, ಚಿತ್ತಾಪುರ, ಸೇಡಂ ಕಡೆಯ ತಾಂಡಾಗಳದು ಇನ್ನೊಂದು ಕಥೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯ 1755 ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನಿಸ್ ದಾಖಲೆ ಮಾಡಿದರು. ಸಂಡೂರಿನವರಿಗೆ ಒಂದು ಕೇಂದ್ರವಿದೆ, ಅಂಗಡಿ ಇದೆ, ಬೆಲೆ ಇದೆ. ನಮ್ಮ ತಾಂಡಾದ ಬಾಯಿಗಳ ಕೈಯಲ್ಲೂ ಅದೇ ಸೂಜಿ, ಅದೇ ಕನ್ನಡಿ, ಅದೇ ಕವಡೆ. ಆದರೆ ಅವರು ಆ ಸೂಜಿ ಬಿಟ್ಟು ಪುಣೆ, ಮುಂಬಯಿಯಲ್ಲಿ ಇಟ್ಟಿಗೆ ಹೊರಲು ಹೋಗುತ್ತಾರೆ. ಊರವರು ಅವರ ಹತ್ತಿರ ಕಸೂತಿ ಕೊಂಡದ್ದನ್ನು ನಾನು ಕಂಡದ್ದು ಕಡಿಮೆ. ಹಬ್ಬದಲ್ಲಿ ಅವರ ಕುಣಿತ ಮಾತ್ರ ಎಲ್ಲರಿಗೂ ಬೇಕು.

"ಇದೇನ್ ದೊಡ್ಡ ಮಾತ್ರಿ?"

ಗೊತ್ತು, ಕೇಳುತ್ತೀರಿ. ತೊಗರಿಗೆ ಬೆಲೆ ಇಲ್ಲ, ಬೇಸಿಗೆಯಲ್ಲಿ ನೀರಿಲ್ಲ, ಹುಡುಗರಿಗೆ ಕೆಲಸ ಇಲ್ಲ, ಇವನು ಗೋಡೆ ಚಿತ್ರದ ಬಗ್ಗೆ ಮಾತಾಡುತ್ತಾನೆ.

ತೊಗರಿಯನ್ನೇ ತೆಗೆದುಕೊಳ್ಳಿ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನಮ್ಮ ಮಣ್ಣಿನಲ್ಲಿ ಬೆಳೆದದ್ದು ಬೇರೆಯದಕ್ಕಿಂತ ಬೇರೆ, ಅದಕ್ಕೆ ಹೆಸರು ಬೇಕು, ಬೆಲೆ ಬೇಕು ಎಂದು ಹೋರಾಡಿ ಪಡೆದೆವು. 2014ರ ನವೆಂಬರ್ 1ರಿಂದ ಗುಲಬರ್ಗಾ ಕಲಬುರಗಿ ಆಯಿತು. 2019ರಲ್ಲಿ ಹೈದರಾಬಾದ ಕರ್ನಾಟಕ ಕಲ್ಯಾಣ ಕರ್ನಾಟಕ ಆಯಿತು. 371(ಜೆ) ಹೋರಾಟದಲ್ಲಿ ಒಂದು ತಲೆಮಾರೇ ಸವೆಯಿತು. ಇಷ್ಟೆಲ್ಲ ಹೋರಾಟದ ತಿರುಳು ಒಂದೇ: ನಾವು ಯಾರಿಗೂ ಕಡಿಮೆ ಇಲ್ಲ. ಹೊರಗೆ ಇಷ್ಟು ಕೂಗಿದವರು ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಗೋಡೆಯ ಮೇಲೆ ಏನು ಒಪ್ಪಿಕೊಂಡಿದ್ದೇವೆ? ಚಂದ ಎಂಬುದು ಬೇರೆ ಕಡೆ ಇರುತ್ತದೆ, ನಮ್ಮಲ್ಲಿ ಇರುವುದಿಲ್ಲ ಎಂದು ಒಪ್ಪಿಕೊಂಡಿದ್ದೇವೆ. "ಹಿಂದುಳಿದ ಜಿಲ್ಲೆ" ಎಂಬ ಮಾತನ್ನು ಬೆಂಗಳೂರಿನವರು ಹೇಳಿದರೆ ಸಿಟ್ಟು ಬರುತ್ತದೆ. ಅದೇ ಮಾತನ್ನು ನಮ್ಮ ಗೋಡೆ ದಿನಾ ನಮ್ಮ ಮಕ್ಕಳಿಗೆ ಹೇಳುತ್ತಿದೆ, ಅದು ಕೇಳಿಸುವುದಿಲ್ಲ.

ಹತ್ತು ವರ್ಷದ ಕೂಸು ದಿನಾ ಆ ಜಲಪಾತ ನೋಡುತ್ತದೆ. ಅದರ ಹೆಸರು ಅದಕ್ಕೆ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. ಚಿಂಚೋಳಿ ಕಾಡು, ಚಂದ್ರಂಪಳ್ಳಿಯ ನೀರು, ಮಳಖೇಡದ ಕೋಟೆ, ಸೇಡಂನ ಪಂಚಲಿಂಗೇಶ್ವರ ಗುಡಿ, ಚಿತ್ತಾಪುರದ ನಾಗಾವಿ, ಇವು ಚಿತ್ರ ಆಗಲು ಯೋಗ್ಯ ಎಂದು ಆ ಕೂಸಿಗೆ ಹೇಳುವವರು ಯಾರು? ಕವಿರಾಜಮಾರ್ಗ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದೇ ಮಳಖೇಡ ಎಂದು ಪರೀಕ್ಷೆಗೆ ಬರೆಯುತ್ತದೆ, ಗೋಡೆಯ ಮೇಲೆ ನೋಡುವುದಿಲ್ಲ.

"ದುಡ್ಡೆಲ್ಲದ?" ಎನ್ನುವವರಿಗೂ ಉತ್ತರ ಇದೆ. ಸುಳ್ಳು ಇಟ್ಟಿಗೆಯ ಹಾಳೆ, ದೀಪ ಹೊತ್ತುವ ಬುದ್ಧ, ಗಾಜಿನ ಕುದುರೆ, ಇದರ ರಸೀದಿಗಳನ್ನು ಕೂಡಿಸಿ ನೋಡಿ. ಆ ದುಡ್ಡಿನಲ್ಲಿ ಕೈಯಿಂದ ಬರೆದ ಒಂದು ಚಿತ್ರ ಬರುತ್ತದೆ. ದುಡ್ಡೇ ಇಲ್ಲದಿದ್ದರೆ ಇನ್ನೂ ಸುಲಭ, ಅದಕ್ಕೂ ದಾರಿ ಹೇಳುತ್ತೇನೆ.

ಹಾಗಾದರೆ ಏನು ಹಾಕೋಣ

ಬೈದು ಬಿಟ್ಟರೆ ಸಾಲದು. ಹೊಸ ಮನೆ ಕಟ್ಟುವವರು, ಈ ದೀಪಾವಳಿಗೆ ಸುಣ್ಣ ಬಣ್ಣ ಮಾಡಿಸುವವರು ಇಷ್ಟು ಮಾಡಬಹುದು.

ಒಂದು, ಅವಸರ ಬೇಡ. ವಾಸ್ತುಶಾಂತಿಯ ದಿನಕ್ಕೇ ಎಲ್ಲ ಗೋಡೆ ತುಂಬಬೇಕೆಂಬ ನೇಮ ಎಲ್ಲೂ ಇಲ್ಲ. ಖಾಲಿ ಗೋಡೆ ಅಪಶಕುನ ಅಲ್ಲ. ಆರು ತಿಂಗಳು ಆ ಮನೆಯಲ್ಲಿ ಇರಿ. ಬೆಳಿಗ್ಗೆ ಬಿಸಿಲು ಎಲ್ಲಿ ಬೀಳುತ್ತದೆ, ಚಹಾ ಕುಡಿಯುತ್ತ ನೀವು ಯಾವ ಗೋಡೆ ನೋಡುತ್ತೀರಿ ಎಂದು ತಿಳಿದ ಮೇಲೆ ಮೊಳೆ ಹೊಡೆಯಿರಿ.

ಎರಡು, ಮನೆಯ ಹಿರಿಯರನ್ನು ಪಡಸಾಲೆಗೆ ಕರೆತನ್ನಿ. ಆಯಿಯ ಹಳೆ ಫೋಟೋ ಮಾಸಿದ್ದರೆ ಚಿತ್ರಕಲೆ ಓದಿದ ಊರ ಹುಡುಗಿಗೆ ಕೊಟ್ಟು ಕೈಯಿಂದ ಬರೆಸಿ. ಬೆಲೆ ಮೊದಲೇ ಮಾತಾಡಿ, ಅರ್ಧ ಮುಂಗಡ ಕೊಡಿ, ಅವಸರ ಮಾಡಬೇಡಿ. ಮೂಲೆಯಲ್ಲಿ ಅವಳ ಸಹಿ ಇರಲಿ, ಹಿಂದೆ ತಾರೀಖು ಇರಲಿ. ನಿಮ್ಮ ಮೊಮ್ಮಗ ಒಂದು ದಿನ ಅದನ್ನು ಓದುತ್ತಾನೆ.

ಮೂರು, ದುಡ್ಡಿಲ್ಲದವರು ಒಂದು ರವಿವಾರ ಸನ್ನತಿಗೆ ಹೋಗಿ. ಚಂದ್ರಲಾಂಬಾ ದರ್ಶನ ಮಾಡಿ, ಕನಗನಹಳ್ಳಿಗೂ ಹೋಗಿ. ಕಾವಲಿನವರನ್ನು ಕೇಳಿ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಅಥವಾ ಮಳಖೇಡ ಕೋಟೆಯದು, ನಿಮ್ಮ ಹೊಲದ ಬೇವಿನ ಮರದ್ದು. ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಟ್ಟು ಹಾಕಿಸಿ. ನೀವೇ ತೆಗೆದದ್ದು, ಅಂದಮೇಲೆ ಹೇಳಲು ಕಥೆ ಇರುತ್ತದೆ.

ನಾಲ್ಕು, ಕೌದಿಯನ್ನು ಮರೆಯಬೇಡಿ. ಹಳೆ ಸೀರೆಯ ತುಂಡು ಜೋಡಿಸಿ ನಮ್ಮ ಅವ್ವಂದಿರು ಹೊಲಿದ ಕೌದಿಯ ಬಣ್ಣಗಳ ಜೋಡಣೆ ನೋಡಿ. ಸಣ್ಣದೊಂದು ಹೊಲಿಸಿ ಗೋಡೆಗೆ ಹಾಕಿದರೆ ಯಾವ ಕ್ಯಾನ್ವಾಸಿಗೂ ಅದು ಕಡಿಮೆಯಲ್ಲ. ತಾಂಡಾದ ಕಸೂತಿ ಬೇಕಿದ್ದರೆ ಹಳೆ ಪೇಟಿಯಾ ಕತ್ತರಿಸಿ ತರಬೇಡಿ, ಹೊಸದಾಗಿ ಹಾಕಿಕೊಡಲು ಹೇಳಿ, ದಿನದ ಕೂಲಿ ಲೆಕ್ಕದಲ್ಲಿ ಬೆಲೆ ಕೊಡಿ. ಕೂಲಿಗಿಂತ ಕಡಿಮೆ ಕೊಟ್ಟು "ನಮ್ಮ ಕಲೆ ಉಳಿಸಿದೆವು" ಎನ್ನಬೇಡಿ.

ಐದು, ಸ್ವಲ್ಪ ಕೈ ಬಿಚ್ಚುವವರು ದೂರ ಹೋಗಬೇಕಿಲ್ಲ. ಬೀದರದ ಬಿದರಿ ಇದೆ. ಸತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ, ಬೀದರ ಕೋಟೆಯ ಮಣ್ಣಿನಿಂದ ಕಪ್ಪು ಮಾಡಿದ ಕೆಲಸ. ಅದರ ಕುಶಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸುರಪುರದ ನಾಯಕರ ಕಾಲದಲ್ಲಿ ಬೆಳೆದ ಸೂಕ್ಷ್ಮ ಚಿತ್ರಶೈಲಿ ಇದೆ. ಕೊಪ್ಪಳದ ಕಿನ್ನಾಳದ ಬಣ್ಣದ ಮರದ ಬೊಂಬೆ ಇವೆ. ಉರ್ದು ಬಲ್ಲ ಮನೆಯವರು ಅಚ್ಚಿನ ಆಯತ್ ಬದಲು ಒಬ್ಬ ಖತ್ತಾತಿ ಬಲ್ಲವರಿಂದ ಬರೆಸಿ. ಆ ಕೈಗಳೂ ಕೆಲಸವಿಲ್ಲದೆ ಕೂತಿವೆ.

ಆರು, ಮಕ್ಕಳ ಚಿತ್ರ. ಮಣ್ಣೆತ್ತಿನ ಅಮಾವಾಸ್ಯೆಗೆ ಅವರೇ ಮಾಡಿದ ಎತ್ತು, ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಬರೆದ ಬಸ್ಸು. ಅದಕ್ಕೊಂದು ಕಟ್ಟು ಹಾಕಿಸಿ ನಡುಗೋಡೆಗೆ ಹಾಕಿ. ಆ ಕೂಸಿನ ಮುಖ ನೋಡಿ.

ಇನ್ನು ಕಾಪಾಡುವ ಮಾತು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ನೇರ ಬಿಸಿಲು ಬೀಳುವ ಗೋಡೆಗೆ ಕಾಗದದ ಚಿತ್ರ, ಕಸೂತಿ ಹಾಕಬೇಡಿ, ಬಣ್ಣ ಹಾರುತ್ತದೆ. ಮಳೆಗಾಲದಲ್ಲಿ ತಂಪು ಹಿಡಿಯುವ ಗೋಡೆಯಾದರೆ ಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಸಣ್ಣ ಮರದ ಚೂರು ಅಂಟಿಸಿ, ಗಾಳಿ ಆಡಲಿ. ವಾಡಿ, ಶಹಾಬಾದ, ಸೇಡಂ ಕಡೆ ಕಲ್ಲಿನ, ಸಿಮೆಂಟಿನ ಧೂಳು ತಪ್ಪಿದ್ದಲ್ಲ, ಮುಂದೆ ಗಾಜು ಇರಲಿ. ಒದ್ದೆ ಬಟ್ಟೆಯಿಂದ ಗಾಜು ಮಾತ್ರ ಒರೆಸಿ, ಚಿತ್ರ ಒರೆಸಬೇಡಿ.

ಕೊನೆಗೆ ಎರಡು ಬೇಡಿಕೆ

ನಮ್ಮ ಶಾಸಕರಿಗೆ, ಪಂಚಾಯಿತಿ ಅಧ್ಯಕ್ಷರಿಗೆ: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಶಾಲೆ, ಗ್ರಂಥಾಲಯ, ಆಸ್ಪತ್ರೆ ಕಟ್ಟುತ್ತೀರಿ. ಒಂದೊಂದು ಕಟ್ಟಡದಲ್ಲಿ ಒಂದು ಗೋಡೆಯನ್ನು ಇಲ್ಲಿ ಕಲಿತ ಕಲಾವಿದರಿಗೆ ಕೊಡಿ, ಅಂದಾಜು ಪಟ್ಟಿಯಲ್ಲೇ ಅವರ ಕೂಲಿ ಸೇರಿಸಿ. ಸನ್ಮಾನಕ್ಕೆ ಪ್ಲಾಸ್ಟಿಕ್ ಮೆಮೆಂಟೊ ಕೊಡುವುದು ನಿಲ್ಲಿಸಿ, ಅದೇ ದುಡ್ಡಿಗೆ ಒಂದು ಸಣ್ಣ ಕೈಚಿತ್ರ ಕೊಡಿ. ಆ ಮೆಮೆಂಟೊಗಳು ಕಪಾಟಿನ ಮೇಲೆ ಧೂಳು ತಿನ್ನುತ್ತಿವೆ ಎಂಬುದು ಕೊಟ್ಟವರಿಗೂ ಗೊತ್ತು, ತೆಗೆದುಕೊಂಡವರಿಗೂ ಗೊತ್ತು.

ಓದುಗರಿಗೆ: ಮುಂದಿನ ವಾಸ್ತುಶಾಂತಿಗೆ ಹೋಗುವಾಗ ಗಡಿಯಾರ, ರಾಧಾಕೃಷ್ಣ ಗಾಜಿನ ಫ್ರೇಮ್ ಒಯ್ಯಬೇಡಿ. ಆ ಮನೆಗೆ ಈಗಾಗಲೇ ಆರು ಗಡಿಯಾರ ಬಂದಿರುತ್ತವೆ. ನಾಲ್ಕು ಜನ ಗೆಳೆಯರು ಕೂಡಿ ದುಡ್ಡು ಹಾಕಿ, ನಿಮ್ಮೂರ ಪೇಂಟರನನ್ನೋ ಚಿತ್ರಕಲೆ ಓದಿದ ಹುಡುಗಿಯನ್ನೋ ಹುಡುಕಿ, ಆ ಮನೆಯವರ ಹೊಲ, ಬಾವಿ, ಎತ್ತು, ಗುಡಿ, ಯಾವುದಾದರೊಂದು ಬರೆಸಿಕೊಂಡು ಹೋಗಿ. ಬರೆದವರನ್ನೂ ಊಟಕ್ಕೆ ಕರೆಯಿರಿ. ಮನೆಯವರಿಗೆ ಅವರ ಹೆಸರು ಹೇಳಿ.